ಕ್ರೂಸ್ ಹಡಗಿಗೆ ಪವರ್ ವೀಲ್‌ಚೇರ್: ಬುಕಿಂಗ್‌ಗೆ ಮುಂಚೆ ಏನೇನು ಅಳೆಯಬೇಕು, ಏನೇನು ಕೇಳಬೇಕು?

ಬಿಳಿನೊರೆ (ಪ್ರಶ್ನೆ):

ಏಳು ರಾತ್ರಿಯ ಕ್ರೂಸ್‌ಗೆ ಕ್ಯಾಬಿನ್ ನೋಡುತ್ತಿದ್ದೇವೆ. ಪ್ರಯಾಣಿಕರು ಎದ್ದು ನಿಲ್ಲಲಾರರು. ಹಾಸಿಗೆಯಿಂದ ಕುರ್ಚಿಗೆ ಬರಬೇಕಾದರೆ ಹಾಯಿಸ್ಟ್ (ಚಕ್ರವಿರುವ, ಜನರನ್ನು ಎತ್ತುವ ಯಂತ್ರ) ಮತ್ತು ಜೋಲಿಯಿಂದಲೇ ಎತ್ತಬೇಕು. ಅವರದು ಪವರ್ ವೀಲ್‌ಚೇರ್: ಅಗಲ 66 ಸೆಂ.ಮೀ., ಕಾಲು ಇಡುವ ಹಲಗೆ ಸೇರಿ ಉದ್ದ 115 ಸೆಂ.ಮೀ., ಬ್ಯಾಟರಿ ಸಮೇತ ತೂಕ 140 ಕೆ.ಜಿ. ಬ್ಯಾಟರಿ ಜೆಲ್ ಮಾದರಿಯದು. ಕುರ್ಚಿಯನ್ನು ಮಡಚಲು ಬರುವುದಿಲ್ಲ.

ಹಡಗಿನ ನಕ್ಷೆಯಲ್ಲಿ ಕೆಲವು ಕ್ಯಾಬಿನ್‌ಗಳ ಮೇಲೆ ವೀಲ್‌ಚೇರ್ ಗುರುತಿದೆ. ಬಾಗಿಲು ಎಷ್ಟು ಅಗಲ ಎಂದು ಕೇಳಿದ್ದಕ್ಕೆ 81 ಸೆಂ.ಮೀ. ಎಂದು ಉತ್ತರ ಬಂತು. ಅಷ್ಟು ಗೊತ್ತಾದರೆ ಬುಕ್ ಮಾಡಿಬಿಡಬಹುದೇ? ಸ್ನಾನದ ಮನೆ, ಚಾರ್ಜಿಂಗ್, ಬಂದರಿನಲ್ಲಿ ಇಳಿಯುವುದು, ಇವುಗಳಲ್ಲಿ ಎಲ್ಲಿ ಎಡವಟ್ಟಾಗುತ್ತದೆ? ದಯವಿಟ್ಟು ಅಳತೆ ಸಮೇತ ತಿಳಿಸಿ.

—

ಗಾಲಿಗಣಿತ:

ಕ್ಯಾಬಿನ್ ಆಮೇಲೆ ನೋಡಿ, ಮೊದಲು ಬಂದರುಗಳ ಪಟ್ಟಿ ತೆಗೆಯಿರಿ. ಹಡಗು ಎಷ್ಟೇ ಚೆನ್ನಾಗಿದ್ದರೂ 140 ಕೆ.ಜಿ. ಕುರ್ಚಿ ದಡ ಮುಟ್ಟುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮಾರ್ಗ, ಹಡಗಲ್ಲ.

ಹಡಗು ಧಕ್ಕೆಗೆ ಬಂದು ಕಟ್ಟಿಕೊಳ್ಳುವ ಬಂದರು ಒಂದು ಬಗೆ. ದೂರದಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ಸಾಗಿಸುವುದು ಇನ್ನೊಂದು ಬಗೆ. ಆ ದೋಣಿಗೆ ಟೆಂಡರ್ ಎನ್ನುತ್ತಾರೆ. ಸ್ಯಾಂಟೊರಿನಿ, ಬೆಲೀಜ್ ಸಿಟಿ, ಕೇಮನ್ ದ್ವೀಪದ ಜಾರ್ಜ್‌ಟೌನ್, ಇವೆಲ್ಲ ದೊಡ್ಡ ಹಡಗುಗಳಿಗೆ ಟೆಂಡರ್ ಬಂದರುಗಳು. ಬಾರ್ಸಿಲೋನಾ, ನಸಾವು, ಕೋಸುಮೆಲ್‌ಗಳಲ್ಲಿ ಧಕ್ಕೆ ಇದೆ.

ಟೆಂಡರ್ ಹತ್ತುವಾಗ ಹಡಗಿನ ಪಕ್ಕದ ವೇದಿಕೆ ಒಂದು ತಾಳಕ್ಕೆ ಏಳುತ್ತದೆ, ದೋಣಿ ಇನ್ನೊಂದು ತಾಳಕ್ಕೆ ಬೀಳುತ್ತದೆ. ಸಾಧಾರಣ ಅಲೆಗೂ ಎರಡರ ನಡುವೆ ಒಂದು ಮೆಟ್ಟಿಲಿನಷ್ಟು ಎತ್ತರ ಬಂದು ಹೋಗುತ್ತಿರುತ್ತದೆ. ಅದಕ್ಕೇ ಬಹಳಷ್ಟು ಕಂಪನಿಗಳು ಎರಡು ನಿಯಮ ಇಟ್ಟುಕೊಂಡಿವೆ: ಪವರ್‌ಚೇರ್ ಟೆಂಡರ್‌ಗೆ ಬರುವಂತಿಲ್ಲ, ಪ್ರಯಾಣಿಕರು ಕೆಲವು ಹೆಜ್ಜೆಯಾದರೂ ತಾವೇ ಇಡಬೇಕು. ಸಿಬ್ಬಂದಿ ಮನುಷ್ಯರನ್ನು ಎತ್ತುವುದಿಲ್ಲ. ಕೆಲವೇ ಹಡಗುಗಳಲ್ಲಿ ಟೆಂಡರ್‌ಗೆ ಇಳಿಸುವ ಲಿಫ್ಟ್ ವ್ಯವಸ್ಥೆ ಇದೆ. ಅಲ್ಲಿಯೂ ಅವತ್ತಿನ ಸಮುದ್ರ ನೋಡಿ ಅಧಿಕಾರಿ ಬೇಡ ಎಂದರೆ ಮುಗಿಯಿತು. ನಿಮ್ಮ ಮಟ್ಟಿಗೆ ಪ್ರತಿ ಟೆಂಡರ್ ಬಂದರನ್ನೂ ‘ಹಡಗಿನಲ್ಲೇ ಉಳಿಯುವ ದಿನ’ ಎಂದು ಲೆಕ್ಕ ಹಾಕಿ. ಏಳು ದಿನದಲ್ಲಿ ಅಂಥವು ಮೂರಿದ್ದರೆ ನಾನಾದರೆ ಬೇರೆ ಮಾರ್ಗ ಹುಡುಕಲು ಹೇಳುತ್ತೇನೆ.

ಕೇಳುವಾಗ ‘ಈ ಬಂದರಿಗೆ ಧಕ್ಕೆ ಇದೆಯೇ’ ಎಂದಷ್ಟೇ ಕೇಳಬೇಡಿ. ‘ಈ ತಾರೀಕಿಗೆ ಈ ಹಡಗಿಗೆ ಧಕ್ಕೆಯಲ್ಲಿ ಜಾಗ ಗೊತ್ತುಪಡಿಸಲಾಗಿದೆಯೇ’ ಎಂದು ಕೇಳಿ. ಒಂದೇ ದಿನ ನಾಲ್ಕು ಹಡಗು ಬಂದರೆ ಧಕ್ಕೆ ಇರುವ ಊರಿನಲ್ಲೂ ಒಂದನ್ನು ಹೊರಗೆ ನಿಲ್ಲಿಸುತ್ತಾರೆ.

ಧಕ್ಕೆಗೆ ಕಟ್ಟಿದ ಮಾತ್ರಕ್ಕೆ ದಾರಿ ಸಲೀಸಾಯಿತು ಎಂದಲ್ಲ. ಗ್ಯಾಂಗ್‌ವೇ, ಅಂದರೆ ಹಡಗಿನಿಂದ ಧಕ್ಕೆಗೆ ಇಳಿಯುವ ಸೇತುವೆಯ ಇಳಿಜಾರು ಲೆಕ್ಕ ಹಾಕಿ. 6 ಮೀಟರ್ ಉದ್ದದ ಗ್ಯಾಂಗ್‌ವೇಗೆ ಎತ್ತರದ ವ್ಯತ್ಯಾಸ ಅರ್ಧ ಮೀಟರ್ ಇದ್ದರೆ 1:12, ಅಂದರೆ ಸುಮಾರು 5 ಡಿಗ್ರಿ; ಕುರ್ಚಿ ಆರಾಮಾಗಿ ಹೋಗುತ್ತದೆ. ಅದೇ ವ್ಯತ್ಯಾಸ ಒಂದೂವರೆ ಮೀಟರ್ ಆದರೆ 1:4, ಸುಮಾರು 14 ಡಿಗ್ರಿ. ಪವರ್‌ಚೇರ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 6ರಿಂದ 10 ಡಿಗ್ರಿಗಷ್ಟೇ ಒಪ್ಪಿಗೆ ಇರುತ್ತದೆ. ನಿಮ್ಮ ಕುರ್ಚಿಯದು ಎಷ್ಟೆಂದು ಈಗಲೇ ನೋಡಿಟ್ಟುಕೊಳ್ಳಿ.

ಈ ವ್ಯತ್ಯಾಸ ದಿನದ ಒಳಗೇ ಬದಲಾಗುತ್ತದೆ, ಕಾರಣ ಉಬ್ಬರ-ಇಳಿತ. ಅಲಾಸ್ಕಾದ ಬಂದರುಗಳಲ್ಲಿ ಈ ಅಂತರ 6 ಮೀಟರ್ ದಾಟುವ ದಿನಗಳಿವೆ. ಮೆಡಿಟರೇನಿಯನ್‌ನ ಬಹುಪಾಲು ಕಡೆ ಅರ್ಧ ಮೀಟರ್‌ಗೂ ಕಡಿಮೆ. ನೀರು ಏರಿದಂತೆ ಗ್ಯಾಂಗ್‌ವೇಯನ್ನು ಒಂದು ಡೆಕ್‌ನಿಂದ ಇನ್ನೊಂದು ಡೆಕ್‌ಗೆ ಬದಲಿಸುತ್ತಾರೆ, ಬೆಳಿಗ್ಗೆ ಸಮತಟ್ಟಾಗಿದ್ದ ದಾರಿ ಸಂಜೆಗೆ ಕಡಿದಾಗಿರುತ್ತದೆ. ತೇಲುವ ಧಕ್ಕೆ ಇದ್ದರೆ ಹಡಗು ಮತ್ತು ಧಕ್ಕೆ ಒಟ್ಟಿಗೇ ಏರಿಳಿಯುತ್ತವೆ, ಕಡಿದಾಗುವುದು ಧಕ್ಕೆ ಮತ್ತು ದಡದ ನಡುವಿನ ಸೇತುವೆ. ಆ ದಿನದ ಉಬ್ಬರದ ವೇಳಾಪಟ್ಟಿ ಮೊದಲೇ ತೆಗೆದಿಟ್ಟುಕೊಂಡು, ಹಿಂದಿನ ಸಂಜೆ ಅತಿಥಿ ಸೇವೆಯ ಮೇಜಿನಲ್ಲಿ ‘ನಾಳೆ ಎಷ್ಟು ಹೊತ್ತಿಗೆ ಗ್ಯಾಂಗ್‌ವೇ ಅತ್ಯಂತ ಸಮತಟ್ಟಾಗಿರುತ್ತದೆ’ ಎಂದು ವಿಚಾರಿಸಿ. ಹೋಗುವ ಹೊತ್ತಷ್ಟೇ ಅಲ್ಲ, ಮರಳುವ ಹೊತ್ತನ್ನೂ ಕೇಳಿ. ಹೆಚ್ಚಿನವರು ಮರೆಯುವುದು ಅದನ್ನೇ.

ಇನ್ನೊಂದು ಮಾತು, ಇದನ್ನು ಬರೆದು ಕುರ್ಚಿಯ ಬೆನ್ನಿಗೇ ಅಂಟಿಸಿ: ಗ್ಯಾಂಗ್‌ವೇ ಮೇಲೆ ಕುರ್ಚಿಯನ್ನು ಎಂದೂ ‘ಫ್ರೀವೀಲ್’ಗೆ ಹಾಕಬಾರದು. ಸಹಾಯಕ್ಕೆ ಬಂದ ಸಿಬ್ಬಂದಿ ತಳ್ಳಲು ಸುಲಭವಾಗಲಿ ಎಂದು ಆ ಲಿವರ್ ಎಳೆಯಲು ನೋಡುತ್ತಾರೆ. ಎಳೆದ ಕ್ಷಣ ಮೋಟಾರಿನ ವಿದ್ಯುತ್ಕಾಂತ ಬ್ರೇಕ್ ಬಿಟ್ಟುಕೊಳ್ಳುತ್ತದೆ. ಆಮೇಲೆ 140 ಕೆ.ಜಿ. ಜೊತೆಗೆ ಕೂತವರ ತೂಕವನ್ನು ತಡೆಯಲು ಉಳಿಯುವುದು ಆ ಸಿಬ್ಬಂದಿಯ ಕೈ ಮಾತ್ರ.

—

ಹೊಸ್ತಿಲು_ದಾಟಿ:

ಬಂದರಿನ ಮಾತು ಸರಿ. ಕ್ಯಾಬಿನ್ ವಿಷಯಕ್ಕೆ ಬರುತ್ತೇನೆ.

81 ಸೆಂ.ಮೀ. ಎಂದರೆ ಯಾವ ಬಾಗಿಲು? ಕ್ಯಾಬಿನ್‌ನದೋ, ಸ್ನಾನದ ಮನೆಯದೋ, ಬಾಲ್ಕನಿಯದೋ? ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಬಾಗಿಲ ಹಲಗೆಯ ಅಗಲ ಬೇಡ, ಬಾಗಿಲು ತೆರೆದು ನಿಂತಾಗ ನಡುವೆ ಉಳಿಯುವ ಜಾಗದ ಅಳತೆ ಬೇಕು. 66 ಸೆಂ.ಮೀ. ಕುರ್ಚಿಗೆ ನೇರ ಹೋಗುವುದಾದರೆ 76 ಸಾಕು. ಕಿರಿದಾದ ಕಾರಿಡಾರ್‌ನಿಂದ ತಿರುಗಿಕೊಂಡೇ ಒಳಹೋಗಬೇಕಾದ್ದರಿಂದ 81 ಇದ್ದರೂ ಒಂದೆರಡು ಸಲ ಹಿಂದೆ ಮುಂದೆ ಆಡಿಸಬೇಕಾಗುತ್ತದೆ. ಸಾಮಾನ್ಯ ಕ್ಯಾಬಿನ್‌ಗಳ ಬಾಗಿಲು 60 ಸೆಂ.ಮೀ. ಒಳಗೇ ಇರುವುದು ಹೆಚ್ಚು, ಆ ಆಸೆ ಬಿಡಿ.

ವೀಲ್‌ಚೇರ್ ಗುರುತಿನಲ್ಲೂ ಎರಡು ದರ್ಜೆ ಇದೆ. ಒಂದು, ಕುರ್ಚಿಯಲ್ಲೇ ಓಡಾಡುವವರಿಗೆ: ತಿರುಗಲು ಸುಮಾರು 150 ಸೆಂ.ಮೀ. ವೃತ್ತದ ಜಾಗ, ಮೆಟ್ಟಿಲಿಲ್ಲದ ಶವರ್. ಇನ್ನೊಂದು, ಸ್ವಲ್ಪ ನಡೆಯಬಲ್ಲವರಿಗೆ: ಹಿಡಿಕೆಗಳಿರುತ್ತವೆ, ಬಾಗಿಲು ತುಸು ಅಗಲ, ಆದರೆ ತಿರುಗುವ ಜಾಗ ಇಲ್ಲ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಚಿಹ್ನೆ ಹಾಕುವವರಿದ್ದಾರೆ. ನಿಮಗೆ ಎರಡನೆಯದು ಕೊಟ್ಟರೆ ಪ್ರವಾಸ ಅಲ್ಲಿಗೇ ಕೆಟ್ಟಿತು.

ಸ್ನಾನದ ಮನೆಗೆ ಹೊಸ್ತಿಲು ಏಕಿರುತ್ತದೆ ಎಂದು ತಿಳಿದರೆ ಪ್ರಶ್ನೆ ಕೇಳುವುದು ಸುಲಭ. ಹಡಗಿನ ಸ್ನಾನದ ಮನೆಗಳನ್ನು ಕಾರ್ಖಾನೆಯಲ್ಲೇ ಡಬ್ಬಿಯಂತೆ ಪೂರ್ತಿ ತಯಾರಿಸಿ ತಂದು ಕೂರಿಸುತ್ತಾರೆ. ಡಬ್ಬಿಯ ನೆಲ, ಅದರಡಿಯ ಕೊಳವೆ ಸೇರಿ ಕ್ಯಾಬಿನ್ ನೆಲಕ್ಕಿಂತ ಮೇಲೆ ಬರುತ್ತದೆ. ಹಡಗು ಓಲಾಡುವಾಗ ನೀರು ಹೊರಗೆ ಬರದಂತೆ ಅಂಚನ್ನೂ ಎತ್ತರಿಸುತ್ತಾರೆ. ಸಾಮಾನ್ಯ ಕ್ಯಾಬಿನ್‌ನಲ್ಲಿ ಇದು ಒಂದು ಪೂರ್ತಿ ಮೆಟ್ಟಿಲಿನಷ್ಟಾಗುವುದುಂಟು. ಒಳ್ಳೆಯ ಕ್ಯಾಬಿನ್‌ನಲ್ಲಿ ನೆಲವನ್ನೇ ತಗ್ಗಿಸಿರುತ್ತಾರೆ. ಹಳೆಯ ಹಡಗಿನಲ್ಲಿ ಆಮೇಲೆ ಒಂದು ರ‍್ಯಾಂಪ್ ಕೂರಿಸಿ ‘ಸರಿಪಡಿಸಿದ್ದೇವೆ’ ಎನ್ನುತ್ತಾರೆ. 10 ಸೆಂ.ಮೀ. ಎತ್ತರಕ್ಕೆ 1:12 ಇಳಿಜಾರು ಬೇಕೆಂದರೆ 120 ಸೆಂ.ಮೀ. ಉದ್ದದ ರ‍್ಯಾಂಪ್ ಬೇಕು. ಅಷ್ಟು ಜಾಗ ಅಲ್ಲಿರುವುದಿಲ್ಲ, ಹಾಗಾಗಿ ರ‍್ಯಾಂಪ್ ಕಡಿದಾಗಿರುತ್ತದೆ. ಹೊಸ್ತಿಲ ಎತ್ತರ, ರ‍್ಯಾಂಪ್‌ನ ಉದ್ದ ಎರಡನ್ನೂ ಬರೆಸಿಕೊಳ್ಳಿ.

ನೆಲ ತಗ್ಗಿಸಿದ ಕಡೆ ಇನ್ನೊಂದು ತಾಪತ್ರಯ: ಹಡಗು ಒಂದು ಕಡೆಗೆ ತುಸು ವಾಲಿ ಸಾಗುತ್ತಿದ್ದರೆ ಶವರ್ ನೀರು ಮೋರಿಯತ್ತ ಹೋಗದೆ ಬಾಗಿಲತ್ತ ಹರಿಯುತ್ತದೆ. ಬಾಗಿಲಿಗೆ ಅಡ್ಡಲಾಗಿ ಸುತ್ತಿದ ಟವೆಲ್ ಇಟ್ಟುಕೊಳ್ಳಿ, ಹೆಚ್ಚುವರಿ ಟವೆಲ್ ಕೇಳಿದರೆ ಕೊಡುತ್ತಾರೆ.

ಹಾಯಿಸ್ಟ್ ಬಳಸುವವರಿಗೆ ಎಲ್ಲಕ್ಕಿಂತ ಮುಖ್ಯ ಅಳತೆ ಹಾಸಿಗೆಯ ಅಡಿಯ ಖಾಲಿ ಎತ್ತರ. ಹಾಯಿಸ್ಟ್‌ನ ಕಾಲುಗಳು ಹಾಸಿಗೆಯಡಿ ನುಗ್ಗಬೇಕು. ಕಾಲಿನ ಎತ್ತರ 11-12 ಸೆಂ.ಮೀ. ಇದ್ದರೆ ಅಡಿಯಲ್ಲಿ 15 ಸೆಂ.ಮೀ. ಬೇಕು, ಅದೂ ಹಾಸಿಗೆಯ ಉದ್ದಕ್ಕೂ. ನಡುವೆ ಪೆಟ್ಟಿಗೆಯಂಥ ಆಧಾರವಾಗಲಿ ಅಡ್ಡಪಟ್ಟಿಯಾಗಲಿ ಇರಬಾರದು. ಎರಡು ಒಂಟಿ ಮಂಚ ಜೋಡಿಸಿ ದೊಡ್ಡ ಹಾಸಿಗೆ ಮಾಡಿದ್ದರೆ ನಡುವಿನ ಕಾಲುಗಳು ಅಡ್ಡ ಬರುತ್ತವೆ, ಬೇರೆ ಮಾಡಲು ಮೊದಲೇ ತಿಳಿಸಿ. ಹಾಸಿಗೆಯ ಒಂದು ಪಕ್ಕದಲ್ಲಿ ಕುರ್ಚಿ ನಿಂತು, ಹಾಯಿಸ್ಟ್ ತಿರುಗಲು ಕನಿಷ್ಠ 120 ಸೆಂ.ಮೀ. ಇರಲಿ. ದಪ್ಪ ಕಾರ್ಪೆಟ್ ಮೇಲೆ ಹಾಯಿಸ್ಟ್‌ನ ಚಿಕ್ಕ ಚಕ್ರ ಹೂತುಕೊಳ್ಳುತ್ತದೆ, ಆದ್ದರಿಂದ ಜನರನ್ನು ಎತ್ತಿಕೊಂಡು ದೂರ ತಳ್ಳುವ ಯೋಚನೆ ಬೇಡ: ಕುರ್ಚಿಯನ್ನೇ ಹಾಯಿಸ್ಟ್ ಹತ್ತಿರ ತನ್ನಿ. ಕಡಲು ಜೋರಾಗಿದ್ದಾಗ ಜೋಲಿಯಲ್ಲಿ ಎತ್ತಲೇಬೇಡಿ. ಜೋತ ದೇಹ ಲೋಲಕದಂತೆ ತೂಗುತ್ತದೆ, ಹಾಯಿಸ್ಟ್ ಪಲ್ಟಿಯಾಗಬಹುದು. ಕ್ಯಾಬಿನ್ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳ ಡೆಕ್‌ನಲ್ಲಿ ಇದ್ದಷ್ಟೂ ಓಲಾಟ ಕಡಿಮೆ.

ಹಾಯಿಸ್ಟ್ ಹಡಗಿನಲ್ಲಿ ಸಿಗುತ್ತದೆಂದು ನಂಬಬೇಡಿ. ಬಂದರಿನಲ್ಲಿ ಬಾಡಿಗೆಗೆ ಕೊಟ್ಟು ನೇರ ಕ್ಯಾಬಿನ್‌ಗೆ ತಲುಪಿಸುವವರಿದ್ದಾರೆ. ಜೋಲಿ ಮಾತ್ರ ನಿಮ್ಮದೇ ಇರಲಿ, ಅದರ ಕುಣಿಕೆ ಬಾಡಿಗೆ ಹಾಯಿಸ್ಟ್‌ನ ಕೊಕ್ಕೆಗೆ ಹೊಂದುತ್ತದೋ ಎಂದು ಫೋಟೊ ಕಳಿಸಿ ಖಾತ್ರಿ ಮಾಡಿಕೊಳ್ಳಿ. ಕುಣಿಕೆ ಬಗೆ, ಕ್ಲಿಪ್ ಬಗೆ ಎಂದು ಎರಡಿವೆ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ.

ಬಾಲ್ಕನಿ ಬೇಕೇ ಬೇಕು ಎಂದಿದ್ದರೆ ಅಲ್ಲಿನ ಹೊಸ್ತಿಲನ್ನೂ ಕೇಳಿ. ಇಲ್ಲವಾದರೆ ಆ ಹಣ ಉಳಿಸಿ ದೊಡ್ಡ ಒಳಗಿನ ಕ್ಯಾಬಿನ್ ತೆಗೆದುಕೊಳ್ಳುವುದೇ ಮೇಲು.

—

ಎರಡು_ತಂತಿ:

ಚಾರ್ಜಿಂಗ್ ಬಗ್ಗೆ. ಮನೆಯಿಂದ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಭಾಗ) ಇರುವ ಎಕ್ಸ್‌ಟೆನ್ಶನ್ ಬೋರ್ಡ್ ತರಲೇಬೇಡಿ. ಹತ್ತುವಾಗಲೇ ಕಿತ್ತಿಟ್ಟುಕೊಳ್ಳುತ್ತಾರೆ, ಕಿತ್ತಿಟ್ಟುಕೊಳ್ಳುವುದು ಸರಿಯೂ ಹೌದು. ನೆಲದ ಮೇಲಿನ ವೈರಿಂಗ್‌ನಲ್ಲಿ ನ್ಯೂಟ್ರಲ್ ತಂತಿ ಭೂಮಿಗೆ ಸೇರಿರುತ್ತದೆ. ಹಡಗಿನಲ್ಲಿ ಸಾಮಾನ್ಯವಾಗಿ ಹಾಗಿಲ್ಲ, ಎರಡು ತಂತಿಯಲ್ಲೂ ಹಡಗಿನ ಮೈಗೆ ಹೋಲಿಸಿದರೆ ವೋಲ್ಟೇಜ್ ಇರುತ್ತದೆ. ಮನೆಯ ಸರ್ಜ್ ಬೋರ್ಡ್ ಒಂದೇ ತಂತಿಯನ್ನು ಕಡಿಯುವಂಥದ್ದಾದರೆ ಇನ್ನೊಂದು ಜೀವಂತವಾಗೇ ಉಳಿಯುತ್ತದೆ, ಒಳಗಿನ ಭಾಗ ಬಿಸಿಯಾಗಿ ಬೆಂಕಿ ಹತ್ತಬಹುದು. 2013ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಈ ಬಗ್ಗೆಯೇ ಸುರಕ್ಷತಾ ಎಚ್ಚರಿಕೆ ಹೊರಡಿಸಿತ್ತು. ಉದ್ದ ತಂತಿ ಬೇಕಿದ್ದರೆ ಹಡಗಿನವರನ್ನೇ ಕೇಳಿ, ಅವರ ಬಳಿ ಒಪ್ಪಿತವಾದದ್ದು ಇರುತ್ತದೆ. ಬುಕಿಂಗ್ ಫಾರ್ಮ್‌ನಲ್ಲೇ ಬರೆದಿಟ್ಟರೆ ಮೊದಲ ದಿನವೇ ಕ್ಯಾಬಿನ್‌ನಲ್ಲಿ ಸಿಗುತ್ತದೆ.

ಚಾರ್ಜರ್ ಮೇಲಿನ ಚೀಟಿ ಓದಿ. ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಪ್ಲಗ್ ಅಡಾಪ್ಟರ್ ಸಾಕು. ‘230 ವೋಲ್ಟ್’ ಎಂದಷ್ಟೇ ಇದ್ದರೆ 110 ವೋಲ್ಟ್ ಪ್ಲಗ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಮೇಜಿನ ಬಳಿ ಎರಡೂ ಬಗೆಯ ಪ್ಲಗ್ ಇರುವ ಹಡಗುಗಳು ಬಹಳಿವೆ, ಯಾವುದು ಎಲ್ಲಿದೆ ಎಂದು ಕೇಳಿ.

ಬಾಗಿಲ ಬಳಿ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟ್ ಬರುವ ಕ್ಯಾಬಿನ್‌ಗಳಲ್ಲಿ ಕೆಲವು ಪ್ಲಗ್‌ಗಳು ಕಾರ್ಡ್ ತೆಗೆದ ತಕ್ಷಣ ಸತ್ತುಹೋಗುತ್ತವೆ. ಕೈಯಿಂದ ತಳ್ಳುವ ವೀಲ್‌ಚೇರ್‌ನಲ್ಲಿ ಊಟಕ್ಕೆ ಹೋಗಿ ಬಂದು ನೋಡಿದರೆ ಬ್ಯಾಟರಿ ತುಂಬಿರುವುದೇ ಇಲ್ಲ. ಮೊದಲ ದಿನವೇ ಕಾರ್ಡ್ ತೆಗೆದು ಚಾರ್ಜರ್‌ನ ದೀಪ ಉರಿಯುತ್ತಿದೆಯೇ ನೋಡಿ. ಜೆಲ್ ಬ್ಯಾಟರಿ ಪೂರ್ತಿ ತುಂಬಲು 8-10 ಗಂಟೆ ಬೇಕು, ಕಾರ್ಪೆಟ್ ಮೇಲೆ ಓಡಾಡಿದ ದಿನ ಖರ್ಚೂ ಹೆಚ್ಚು.

ಚಾರ್ಜ್ ಆಗಲಿ, ನಿಲುಗಡೆ ಆಗಲಿ, ಕ್ಯಾಬಿನ್ ಒಳಗೇ. ಕಾರಿಡಾರ್‌ನಲ್ಲಿ ಬಿಟ್ಟ ಕುರ್ಚಿ ಬೆಂಕಿ ತಡೆಯುವ ಬಾಗಿಲಿಗೆ, ಓಡುವ ಜನರಿಗೆ ಅಡ್ಡ. ಜಾಯ್‌ಸ್ಟಿಕ್‌ಗೆ ತೆರೆದ ಡೆಕ್‌ನಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿ. ಉಪ್ಪುನೀರಿನ ತುಂತುರು ಒಳಗೆ ಹೋದರೆ ಕುರ್ಚಿ ತಾನಾಗಿ ನಿಂತುಬಿಡುತ್ತದೆ.

—

ಬಿಳಿನೊರೆ:

ತುಂಬಾ ಉಪಕಾರವಾಯಿತು. ಮಾರ್ಗದಲ್ಲಿ ಎರಡು ಟೆಂಡರ್ ಬಂದರು ಇರುವುದು ಈಗ ಗೊತ್ತಾಯಿತು, ಬೇರೆ ಮಾರ್ಗ ನೋಡುತ್ತೇವೆ. ಇನ್ನೆರಡು ಪ್ರಶ್ನೆ: ತುರ್ತು ಪರಿಸ್ಥಿತಿಯಲ್ಲಿ ಲಿಫ್ಟ್ ನಿಂತರೆ ಏನು ಗತಿ? ಸಮುದ್ರ ಬಿಟ್ಟು ನದಿ ಕ್ರೂಸ್‌ಗೆ ಹೋದರೆ ಟೆಂಡರ್ ರಗಳೆ ತಪ್ಪುತ್ತದಲ್ಲವೇ?

—

ಏಳು_ಸಣ್ಣ_ಒಂದು_ದೊಡ್ಡ:

ಲಿಫ್ಟ್ ನಿಂತಿದೆ ಎಂದೇ ಯೋಚಿಸಿ ಕ್ಯಾಬಿನ್ ಆರಿಸಿ. ಏಳು ಸಲ ಚಿಕ್ಕದಾಗಿ, ಒಂದು ಸಲ ದೀರ್ಘವಾಗಿ ಸೈರನ್ ಕೂಗಿದರೆ ಸಾಮಾನ್ಯ ತುರ್ತು ಕರೆ. ಆಮೇಲೆ ಪ್ರಯಾಣಿಕರು ಲಿಫ್ಟ್ ಬಳಸುವಂತಿಲ್ಲ. ನಿಲ್ಲಲಾರದವರನ್ನು ಸಿಬ್ಬಂದಿ ಮೆಟ್ಟಿಲ ಮೇಲೆ ಜಾರಿಸುವ ತುರ್ತು ಕುರ್ಚಿಯಲ್ಲಿ ಸಾಗಿಸುತ್ತಾರೆ. ಆ ಕುರ್ಚಿ ಇಳಿಯುವುದಕ್ಕೆ ಮಾಡಿದ್ದು: ಇಳಿಸಲು ಒಬ್ಬಿಬ್ಬರು ಸಾಕು. ಹತ್ತಿಸುವುದಕ್ಕೆ ಮೂರು ನಾಲ್ಕು ಜನ ಹೊರಬೇಕು. ಆದ್ದರಿಂದ ಜೀವರಕ್ಷಕ ದೋಣಿಗಳು ಯಾವ ಡೆಕ್‌ನಲ್ಲಿವೆ, ತುರ್ತಿನಲ್ಲಿ ನೀವು ಸೇರಬೇಕಾದ ಸ್ಥಳ ಯಾವ ಡೆಕ್‌ನಲ್ಲಿದೆ ಎಂದು ಕೇಳಿ, ಅದೇ ಡೆಕ್ ಅಥವಾ ಅದಕ್ಕಿಂತ ಒಂದೆರಡು ಮೇಲಿನ ಡೆಕ್‌ನ ಕ್ಯಾಬಿನ್ ಹಿಡಿಯಿರಿ. ಓಲಾಟ ಕಡಿಮೆ ಇರಲೆಂದು ತೀರಾ ಕೆಳಗೆ ಹೋಗಿ ಎಂಬ ಮೇಲಿನ ಸಲಹೆಗೆ ನನ್ನ ತಕರಾರು ಇಷ್ಟೇ.

ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಸೋಲಾಸ್ ಒಪ್ಪಂದದಂತೆ, ತುರ್ತಿನಲ್ಲಿ ವಿಶೇಷ ನೆರವು ಬೇಕೆಂದು ತಿಳಿಸಿದವರ ವಿವರವನ್ನು ಹಡಗು ಹೊರಡುವ ಮುಂಚೆ ಬರೆದು ಕ್ಯಾಪ್ಟನ್‌ಗೆ ಮುಟ್ಟಿಸಬೇಕು. ಗಮನಿಸಿ, ‘ತಿಳಿಸಿದವರ’ ವಿವರ. ವೀಲ್‌ಚೇರ್ ಕ್ಯಾಬಿನ್ ಬುಕ್ ಮಾಡಿದ್ದೇವೆ, ಅವರಿಗೇ ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ಹತ್ತಿದ ದಿನವೇ ‘ನೆರವು ಪಟ್ಟಿಯಲ್ಲಿ ಹೆಸರಿದೆಯೇ, ಕ್ಯಾಬಿನ್‌ಗೆ ಯಾರು ಬರುತ್ತಾರೆ, ಎಷ್ಟು ಜನ’ ಎಂದು ಬಾಯಿಬಿಟ್ಟು ಕೇಳಿ, ಪ್ರಯಾಣಿಕರ ತೂಕವನ್ನೂ ಹೇಳಿ. ಪ್ರಯಾಣಿಕರ ತುರ್ತು ಕವಾಯತು ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ನಡೆಯಬೇಕೆಂಬ ನಿಯಮ 2015ರ ಜನವರಿ 1ರಿಂದ ಜಾರಿಯಲ್ಲಿದೆ. ಆ ಹೊತ್ತಿಗೆ ಕುರ್ಚಿಯಲ್ಲೇ ಹೋಗಿ ದಾರಿ ನೋಡಿಕೊಂಡು ಬನ್ನಿ.

ಪವರ್‌ಚೇರ್ ದೋಣಿಗೆ ಬರುವುದಿಲ್ಲ, ಅದನ್ನು ಮನಸ್ಸಿಗೆ ತಂದುಕೊಳ್ಳಿ. ಹಾಸಿಗೆ ಪಕ್ಕ ಒಂದು ಚೀಲ ಸದಾ ಸಿದ್ಧವಿರಲಿ: ಹಿಡಿಕೆಗಳಿರುವ ಎತ್ತುವ ಜೋಲಿ, ಒತ್ತುಹುಣ್ಣು ತಡೆಯುವ ದಿಂಬು, ಎದೆಗೆ ಕಟ್ಟುವ ಅಗಲ ಬೆಲ್ಟ್, ಮೂರು ದಿನದ ಔಷಧಿ, ಕ್ಯಾಥೆಟರ್ ಬಳಸುವವರಾದರೆ ಅದರ ಸಾಮಾನು. ದೋಣಿಯ ಬೆಂಚು ಗಟ್ಟಿ, ಬೆನ್ನಿಗೆ ಆಧಾರ ಇರುವುದಿಲ್ಲ; ಸ್ಪರ್ಶ ತಿಳಿಯದವರಿಗೆ ಕೆಲವೇ ಗಂಟೆಯಲ್ಲಿ ಚರ್ಮ ಕೆಡುತ್ತದೆ. ದಿಂಬನ್ನು ಮರೆಯಬೇಡಿ ಎಂದು ಎರಡು ಸಲ ಹೇಳಿದರೂ ತಪ್ಪಿಲ್ಲ.

—

ಗಾಲಿಗಣಿತ:

ನದಿ ಕ್ರೂಸ್ ನಿಮಗೆ ಇನ್ನೂ ಕಷ್ಟ. ನದಿ ಹಡಗು ಚಿಕ್ಕದು, ವೀಲ್‌ಚೇರ್ ಕ್ಯಾಬಿನ್ ಇಲ್ಲದಿರುವುದೇ ಹೆಚ್ಚು, ಲಿಫ್ಟ್ ಇದ್ದರೂ ಮೇಲಿನ ತೆರೆದ ಡೆಕ್‌ಗಾಗಲಿ ಕೆಳಗಿನ ಡೆಕ್‌ಗಾಗಲಿ ಹೋಗದಿರಬಹುದು. ದಡದಲ್ಲಿ ಜಾಗ ಸಾಲದೆ ಎರಡು ಮೂರು ಹಡಗುಗಳನ್ನು ಪಕ್ಕಪಕ್ಕ ಕಟ್ಟುತ್ತಾರೆ. ಆಗ ಇನ್ನೊಂದು ಹಡಗಿನ ಮೂಲಕ, ಕೆಲವೊಮ್ಮೆ ಅದರ ಮೇಲಿನ ಡೆಕ್ ಹತ್ತಿಳಿದು ದಡ ಸೇರಬೇಕು. ನದಿಯ ಮಟ್ಟ ಇಳಿದರೆ ಗ್ಯಾಂಗ್‌ವೇ ಏಣಿಯಂತಾಗುತ್ತದೆ.

ದಡದ ಪ್ರವಾಸಕ್ಕೆ ಒಂದು ಮಾತು. ‘ವೀಲ್‌ಚೇರ್ ಬಸ್’ ಎಂದರೆ ಮಡಚಿದ ಕುರ್ಚಿಯನ್ನು ಡಿಕ್ಕಿಗೆ ಹಾಕಿ, ನೀವು ಮೆಟ್ಟಿಲು ಹತ್ತುವ ಬಸ್ಸೂ ಆಗಿರಬಹುದು. ಲಿಫ್ಟ್ ಇದೆಯೇ, ಅದರ ಹಲಗೆಯ ಉದ್ದ-ಅಗಲ ಎಷ್ಟು, ಎಷ್ಟು ಕೆ.ಜಿ. ತಡೆಯುತ್ತದೆ, ಒಳಗೆ ಕುರ್ಚಿಯನ್ನು ನೆಲಕ್ಕೆ ಬಿಗಿಯುವ ನಾಲ್ಕು ಪಟ್ಟಿ ಇವೆಯೇ ಎಂದು ಕೇಳಿ. ನಿಮ್ಮದು 115 ಸೆಂ.ಮೀ. ಉದ್ದ, ಕೂತವರ ಜೊತೆ 200 ಕೆ.ಜಿ. ದಾಟುತ್ತದೆ.

—

ಕಲಂ_ಓದಿದವರು:

ನಿಯಮದ ಬಗ್ಗೆ ಚುಟುಕಾಗಿ. ಯುರೋಪಿಯನ್ ಒಕ್ಕೂಟದ ಬಂದರಿನಿಂದ ಕ್ರೂಸ್ ಹೊರಡುವುದಾದರೆ ಹಡಗು ಪ್ರಯಾಣಿಕರ ಹಕ್ಕುಗಳ 1177/2010 ನಿಯಮಾವಳಿ ಅನ್ವಯ. 2012ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಬಂದರಿನಲ್ಲಿ ನೆರವು ಬೇಕೆಂದು ಕನಿಷ್ಠ 48 ಗಂಟೆ ಮುಂಚೆ ತಿಳಿಸಬೇಕು, ಆದರೆ ಕ್ಯಾಬಿನ್ ಸಂಬಂಧದ ಅಗತ್ಯ ಮತ್ತು ಕುರ್ಚಿ ತರುವ ವಿಷಯವನ್ನು ಬುಕಿಂಗ್ ಹೊತ್ತಿಗೇ ಹೇಳಬೇಕು. ಸುರಕ್ಷತೆ ಅಥವಾ ಹಡಗಿನ ವಿನ್ಯಾಸದ ಕಾರಣ ಕೊಟ್ಟು ಅವರು ನಿರಾಕರಿಸಬಹುದು. ಆಗ ಕಾರಣವನ್ನು ಲಿಖಿತವಾಗಿ ಕೇಳಿ: ಕೇಳಿದ ಐದು ಕೆಲಸದ ದಿನದೊಳಗೆ ಕೊಡಬೇಕು. ಅವರ ತಪ್ಪಿನಿಂದ ಕುರ್ಚಿ ಹಾಳಾದರೆ ರಿಪೇರಿ ಅಥವಾ ಹೊಸದರ ಬೆಲೆ ಅವರ ಹೊಣೆ, ಆದ್ದರಿಂದ ಹತ್ತುವ ಮುಂಚೆ ಕುರ್ಚಿಯ ನಾಲ್ಕೂ ಕಡೆಯ ಫೋಟೊ ತೆಗೆದಿಡಿ. ‘ಜೊತೆಗೊಬ್ಬರು ಇರಲೇಬೇಕು’ ಎಂದು ಕಂಪನಿಯೇ ಒತ್ತಾಯಿಸಿದರೆ ಆ ಸಹಾಯಕರಿಗೆ ಪುಕ್ಕಟೆ ಪ್ರಯಾಣ ಎಂದು ಕೆಲವರು ಹೇಳುತ್ತಾರೆ; ಅದು ಫೆರಿಯಂಥ ಸಾಗಣೆಗೆ ಮಾತ್ರ, ಕ್ರೂಸ್‌ಗೆ ಇಲ್ಲ.

ಅಮೆರಿಕದ ಬಂದರಾದರೆ, ವಿದೇಶಿ ಬಾವುಟದ ಹಡಗಿಗೂ ಅಲ್ಲಿನ ಅಂಗವಿಕಲರ ಹಕ್ಕಿನ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಆದರೆ ಅಂತರರಾಷ್ಟ್ರೀಯ ಸುರಕ್ಷತಾ ನಿಯಮಕ್ಕೆ ಅಡ್ಡ ಬರುವಂತೆ ಹಡಗಿನ ರಚನೆಯನ್ನೇ ಬದಲಿಸಿ ಎಂದು ಕೇಳಲಾಗದು. ಹೆಚ್ಚು ಶುಲ್ಕ ಕೇಳಿದರೆ, ವಿನಾಕಾರಣ ಷರತ್ತು ಹಾಕಿದರೆ ಪ್ರಶ್ನಿಸಬಹುದು. ಹೊಸ್ತಿಲು ಒಡೆಸುವುದು ಕಷ್ಟ.

—

ಬಿಳಿನೊರೆ:

ಕೊನೆಯದೊಂದು. ಶವರ್‌ನಲ್ಲಿ ಗೋಡೆಗೆ ಮಡಚುವ ಆಸನ ಇದೆಯಂತೆ. ಬೆನ್ನಿಗೆ ಆಧಾರ ಇಲ್ಲದೆ ಕೂರಲಾಗದವರಿಗೆ ಅದು ಆದೀತೇ?

—

ಹೊಸ್ತಿಲು_ದಾಟಿ:

ಆಗುವುದಿಲ್ಲ. ಚಕ್ರದ ಸ್ನಾನದ ಕುರ್ಚಿಯನ್ನು ಹಾಯಿಸ್ಟ್ ಜೊತೆಗೇ ಬಾಡಿಗೆಗೆ ತರಿಸಿ. ನಾಲ್ಕು ಚಕ್ರಕ್ಕೂ ಬ್ರೇಕ್ ಇರಬೇಕು, ಹಡಗಿನ ನೆಲ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಟಾಯ್ಲೆಟ್ ಮೇಲೆ ಅದನ್ನು ತಳ್ಳಿಕೊಂಡು ಹೋಗುವುದಾದರೆ ಎರಡು ಅಳತೆ ಬೇಕು: ಟಾಯ್ಲೆಟ್ ಸೀಟಿನ ಎತ್ತರ, ಇದು ಇಂಥ ಕ್ಯಾಬಿನ್‌ಗಳಲ್ಲಿ 43ರಿಂದ 48 ಸೆಂ.ಮೀ. ನಡುವೆ ಇರುತ್ತದೆ, ಸ್ನಾನದ ಕುರ್ಚಿಯ ಅಡಿಯ ಖಾಲಿ ಎತ್ತರ, ಅದಕ್ಕಿಂತ ಎರಡು ಸೆಂ.ಮೀ. ಆದರೂ ಹೆಚ್ಚಿರಬೇಕು. ಪಕ್ಕದ ಹಿಡಿಕೆ ಮೇಲಕ್ಕೆ ಮಡಚುವಂಥದ್ದೋ, ಗೋಡೆಗೆ ಗಟ್ಟಿಯಾಗಿ ಕೂರಿಸಿದ್ದೋ ಎಂದೂ ಕೇಳಿ. ಗಟ್ಟಿಯಾಗಿ ಕೂರಿಸಿದ್ದರೆ ಕುರ್ಚಿಯ ಅಗಲ ಅದಕ್ಕೆ ತಾಗಿ ಹಿಂದಕ್ಕೆ ಹೋಗುವುದೇ ಇಲ್ಲ. ಸೀಟಿನ ನಡುಗೆರೆಯಿಂದ ಹಿಡಿಕೆವರೆಗಿನ ಅಂತರ ಸ್ನಾನದ ಕುರ್ಚಿಯ ಅರ್ಧ ಅಗಲಕ್ಕಿಂತ ಹೆಚ್ಚಿದೆ ಎಂದು ಲಿಖಿತವಾಗಿ ಉತ್ತರ ಬಂದ ಮೇಲೆ ಮುಂಗಡ ಕಟ್ಟಿ.